ತಗೊಳ್ಳಿ ಅನ್ನೋಕೆ ಬಾಯಿ ಬರುತ್ತಿಲ್ಲ ಅಂದೆಯಲ್ಲ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂತು. ಮನೆಯ ಸುದ್ದಿಯೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿದ್ದಾಳೆ, ಅದಿರಲಿ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ನನ್ನ ಫ್ಲಾಟಿನಲ್ಲಿ ಕೈ ಸುಟ್ಟುಕೊಂಡ ಮೇಲೆ ಗಿರಾಕಿಗಳಿಗೆ ಈ ಮನೆ ತಗೊಳ್ಳಿ ಅನ್ನೋಕೆ ಬಾಯೇ ಬರುತ್ತಿಲ್ಲ ಮಾವ, ಬ್ರೋಕರ್ ಆಗಿ ಏನು ಮಾಡಲಿ" ಅಂತ. ಓದಿದಾಗಿನಿಂದ ಅದೇ ತಲೆಯಲ್ಲಿ ಓಡುತ್ತಿದೆ.

ಸ್ವಂತಕ್ಕೆ ಒಂದು ಸೈಟನ್ನೂ ಕೊಳ್ಳದೆ ಜೀವನವಿಡೀ ಬ್ರೋಕರ್ ಆಗಿದ್ದವರನ್ನು ನಾನು ಕಂಡಿದ್ದೇನೆ. ಮಾತು ಚೆನ್ನಾಗಿರುತ್ತದೆ. "ಬಾಡಿಗೆ ಆರಾಮಾಗಿ ಬರುತ್ತೆ ಸಾರ್" ಎನ್ನುತ್ತಾರೆ. ಬಾಡಿಗೆಯವರು ಖಾಲಿ ಮಾಡಿ ಹೋದ ತಿಂಗಳೂ ಕಂತು ಮಾತ್ರ ತಪ್ಪದೆ ಕಟ್ಟಬೇಕು. ಆ ತಿಂಗಳು ಹೇಗಿರುತ್ತದೆ ಅಂತ ಅವರಿಗೆ ಗೊತ್ತಿಲ್ಲ. ನಿನಗೆ ಗೊತ್ತು. ನಿನ್ನ ಭಯ ಅಲ್ಲಿಂದ ಬಂದದ್ದು, ಸುಮ್ನೆ ಹುಟ್ಟಿಕೊಂಡದ್ದಲ್ಲ. ಅದನ್ನು ಓಡಿಸಿಬಿಡು ಅಂತ ನಾನು ಹೇಳುವುದಿಲ್ಲ.

ಆದರೆ ಆ ಭಯ ಗಿರಾಕಿಯ ಎದುರು ನಿನ್ನ ಬದಲು ಮಾತಾಡಲು ಶುರು ಮಾಡಿದರೆ ಕಷ್ಟ. ನನಗೆ ಹಾಗೇ ಆಗಿತ್ತು.

ನಾನು ಬಾಡಿಗೆಗೆಂದು ಕೊಂಡ ಮನೆ ತಿಂಗಳುಗಟ್ಟಲೆ ಖಾಲಿ ಬಿದ್ದಿದ್ದ ಕಾಲ ಅದು. ಬ್ರೋಕರ್ ಆಗಿದ್ದ ನನ್ನ ಹತ್ತಿರ ಒಬ್ಬ ಗಂಡ ಹೆಂಡತಿ ಮನೆ ಕೊಳ್ಳಲು ಬಂದರು. ಅವರಿಗೆ ಬೇಕಾಗಿದ್ದದ್ದು ತಾವೇ ಇರುವುದಕ್ಕೆ ಒಂದು ಮನೆ. ಅರ್ಧ ದುಡ್ಡು ಕೈಯಲ್ಲಿತ್ತು, ಇಬ್ಬರಿಗೂ ಸಂಬಳ ಬರುತ್ತಿತ್ತು. ನಾನು ತೋರಿಸಿದ ಮನೆಯಲ್ಲಿ ಆಕೆ ಅಡುಗೆಮನೆಯ ಕಿಟಕಿ ತೆಗೆದು, ಮುಚ್ಚಿ, ಮತ್ತೆ ತೆಗೆದು ನೋಡಿದಳು. ನಾನು "ಸ್ವಲ್ಪ ಕಾಯಿರಿ, ಬೆಲೆ ಇಳಿಯಬಹುದು" ಎಂದುಬಿಟ್ಟೆ. ಅವರ ಲೆಕ್ಕ ನೋಡಿ ಆಡಿದ ಮಾತಲ್ಲ ಅದು, ಪುಟ್ಟಿ. ನನ್ನ ಖಾಲಿ ಮನೆ ಆಡಿಸಿದ ಮಾತು. ಅವರು ಕಾದರು. ಬೆಲೆ ಇಳಿಯಲಿಲ್ಲ. ಎಷ್ಟೋ ವರ್ಷದ ಮೇಲೆ ಸಿಕ್ಕಾಗ ಇನ್ನೂ ಬಾಡಿಗೆ ಮನೆಯಲ್ಲೇ ಇದ್ದರು. ನನ್ನ ಮೇಲೆ ಬೇಸರವೇನೂ ತೋರಿಸಲಿಲ್ಲ. ಬೈದಿದ್ದರೆ ವಾಸಿ ಇತ್ತು ಅನ್ನಿಸುತ್ತದೆ.

ಹಾಗಾಗಿ ಒಂದು ಕೇಳುತ್ತೇನೆ. ನಿನಗೆ ಪೆಟ್ಟು ಬಿದ್ದದ್ದು ಯಾವುದರಿಂದ? ಕೂತು ಬಿಡಿಸಿ ನೋಡಿದ್ದೀಯಾ? ನೀನು ಬೆಲೆಯ ಶೇ. 80ರಷ್ಟು ಸಾಲ ಮಾಡಿದ್ದೆ. ಅಂಥಲ್ಲಿ ಬೆಲೆ ಶೇ. 10 ಇಳಿದರೂ ನೀನು ಹಾಕಿದ ಸ್ವಂತ ದುಡ್ಡಿನಲ್ಲಿ ಅರ್ಧ ಹೋದಂತೆ. ಕಂತಿನ ವಿಷಯವೂ ಅಷ್ಟೆ. ಶೇ. 9 ಬಡ್ಡಿಗೆ 20 ವರ್ಷದ ಸಾಲ ತೆಗೆದರೆ ಮೊದಲ ಕಂತಿನಲ್ಲಿ ಶೇ. 83ರಷ್ಟು ಬಡ್ಡಿಗೇ ಹೋಗುತ್ತದೆ. 10 ವರ್ಷ ತಪ್ಪದೆ ಕಟ್ಟಿದ ಮೇಲೂ ಅಸಲಿನಲ್ಲಿ ಶೇ. 71ರಷ್ಟು ಬಾಕಿ ಇರುತ್ತದೆ. ಮೂರನೇ ವರ್ಷಕ್ಕೆ ಮಾರಲು ಹೊರಟವಳಿಗೆ ಏನು ಉಳಿದೀತು? ನಿನಗೆ ಮುಳುವಾದದ್ದು ಜಾಸ್ತಿ ಸಾಲ ಮತ್ತು ಬೇಗ ಮಾರಬೇಕಾಗಿ ಬಂದದ್ದು ಅಂತ ನನಗನ್ನಿಸುತ್ತದೆ. ನಿನ್ನ ಎದುರು ಕೂತವರು ಅರ್ಧ ದುಡ್ಡು ಹಾಕಿ, 15 ವರ್ಷ ಅಲ್ಲೇ ಇರುತ್ತೇವೆ ಅನ್ನುವವರಾದರೆ ನಿನ್ನ ಕಥೆ ಅವರ ಕಥೆ ಹೇಗಾಗುತ್ತದೆ? ಅವರೂ ನಿನ್ನ ಹಾಗೇ ಶೇ. 80 ಸಾಲ ಮಾಡಿ, ಬಾಡಿಗೆಯನ್ನೇ ನಂಬಿ ಹೊರಟಿದ್ದರೆ ಮಾತ್ರ ನಿನ್ನ ಭಯವನ್ನು ಧಾರಾಳವಾಗಿ ಹೇಳು. ಬೇರೆ ಬ್ರೋಕರ್ ಯಾರೂ ಅವರಿಗೆ ಹೇಳಿರುವುದಿಲ್ಲ.

ಅಮೆರಿಕದ ಶಿಕಾಗೋ ಸುತ್ತಮುತ್ತ ಮಾರಾಟವಾದ ಸುಮಾರು 1 ಲಕ್ಷ ಮನೆಗಳ ಲೆಕ್ಕ ತೆಗೆದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಗಿತ್ತು. ಬ್ರೋಕರ್‌ಗಳು ತಮ್ಮ ಸ್ವಂತ ಮನೆ ಮಾರುವಾಗ ಸರಾಸರಿ 9.5 ದಿನ ಜಾಸ್ತಿ ಕಾದಿದ್ದರು, ಬೆಲೆ ಶೇ. 3.7ರಷ್ಟು ಜಾಸ್ತಿ ಪಡೆದಿದ್ದರು. ಗಿರಾಕಿಯ ಮನೆಗೆ ಮಾತ್ರ ಆ ತಾಳ್ಮೆ ಇಲ್ಲ. ಯಾಕೆಂದರೆ ಬೆಲೆ ಸ್ವಲ್ಪ ಏರಿದರೆ ಕಮಿಷನ್ನಿಗೆ ಸೇರುವುದು ಚಿಲ್ಲರೆ, ಬೇಗ ಮುಗಿಸುವುದೇ ಲಾಭ. ಓದಿ ನನಗೆ ನಾಚಿಕೆಯಾಯಿತು. ಜೊತೆಗೆ ನಿನ್ನ ನೆನಪೂ ಬಂತು. ಸ್ವಂತದ್ದಕ್ಕೆ ಹೇಗೆ ಯೋಚಿಸಬೇಕು ಅನ್ನುವುದು ನಿನಗೆ ಈಗ ಮೈಗೆ ಹತ್ತಿದೆ. ಅದನ್ನು ಬೇರೆಯವರಿಗೂ ಕೊಡಬಹುದಲ್ವಾ?

ಹೇಗೆ ಅಂತ ಕೇಳಿದರೆ ನನ್ನ ಹತ್ತಿರ ದೊಡ್ಡ ಉಪಾಯ ಏನೂ ಇಲ್ಲ. ಬಾಡಿಗೆಗೆ ಕೊಡಲು ಕೊಳ್ಳುವವರಾದರೆ ಲೆಕ್ಕದಲ್ಲಿ ವರ್ಷಕ್ಕೆ 12 ತಿಂಗಳ ಬಾಡಿಗೆ ಬರೆಯಬೇಡ, 10 ಅಥವಾ 11 ಬರೆ. ರಿಪೇರಿ, ತೆರಿಗೆ, ನಿರ್ವಹಣೆಯ ಖರ್ಚು ಎಲ್ಲ ಕಳೆದು ಉಳಿದದ್ದನ್ನು ಮಾತ್ರ ತೋರಿಸು. ಮನೆ ತೋರಿಸಲು ಹೋದಾಗ ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಅಲ್ಲಿ ಕೈ ಇಟ್ಟು ನೋಡು, ತೇವ ಇರಬಹುದು. ಇದೆಲ್ಲ ನಿನಗೆ ಗೊತ್ತಿರುವುದೇ, ಆದರೂ ಬರೆದೆ. ಇನ್ನೊಂದು, ನಿನಗೇ ಬೇಕು ಅನ್ನಿಸುವ ಮನೆ ಎಂದಾದರೂ ಕೈಗೆ ಬಂದರೆ, ಗಿರಾಕಿಗೆ ಮೊದಲೇ ಬಾಯಿಬಿಟ್ಟು ಹೇಳಿಬಿಡು. ಮುಚ್ಚಿಟ್ಟು ನೀನೇ ಕೊಂಡರೆ ಮುಂದೆ ಯಾರೂ ನಂಬುವುದಿಲ್ಲ.

"ತಗೊಳ್ಳಿ" ಅನ್ನಲು ಬಾಯಿ ಬಾರದಿದ್ದರೆ ಬಿಡು, ಸದ್ಯಕ್ಕೆ ಅನ್ನಬೇಡ. ಕೇಳು. ಸಂಬಳ ನಿಂತರೆ ಎಷ್ಟು ತಿಂಗಳು ಕಂತು ಕಟ್ಟಬಲ್ಲಿರಿ? ನಡುವೆ ಮಾರಬೇಕಾಗಿ ಬಂದರೆ ಏನು ಮಾಡುತ್ತೀರಿ? ನಿನ್ನನ್ನು ಯಾರೂ ಈ ಪ್ರಶ್ನೆ ಕೇಳಲಿಲ್ಲ. ನಾನೂ ಕೇಳಲಿಲ್ಲ, ಹತ್ತಿರದಲ್ಲೇ ಇದ್ದೂ. ಮನೆಯ ಹುಡುಗಿ, ಬೇಸರ ಮಾಡಿಕೊಂಡಾಳು ಅಂತ ಸುಮ್ಮನಿದ್ದೆ.

ನಿನ್ನ ಕಾಗದದಲ್ಲಿ ಎರಡು ಸಲ ಬಂದು ಹೋದರು ಅಂತ ಬರೆದಿದ್ದ ಆ ದಂಪತಿ ಇನ್ನೂ ಕೊಂಡಿಲ್ಲ ತಾನೇ? ಅವರ ಸಾಲ ಎಷ್ಟು, ಎಷ್ಟು ವರ್ಷ ಇರುವ ಯೋಚನೆ ಅಂತ ಕೇಳಿ ಬರೆ. ಇಬ್ಬರೂ ಕೂತು ಲೆಕ್ಕ ಹಾಕೋಣ. ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡು, ಎತ್ತುತ್ತೇನೆ.

ನಿನ್ನ ಪ್ರೀತಿಯ
ಮಾವ