ಅಪ್ಪನ ಪಿಂಚಣಿಗೆ ಮಗಳ ಮಾಸಾಶನ ಬಲಿಯಾಗಬೇಕೇ?

ಮಾನ್ಯ ಸಂಪಾದಕರೆ,

ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕುವವರ ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿಗಳನ್ನು ಮೀರಬಾರದು ಎಂಬುದು ನಮ್ಮ ರಾಜ್ಯದ ನಿಯಮ. ತಿಂಗಳ ಲೆಕ್ಕದಲ್ಲಿ ಇದು 2,666 ರೂಪಾಯಿ. ಬ್ಯಾಂಕ್ ಕೆಲಸದಿಂದ ನಿವೃತ್ತನಾದ ಮೇಲೆ ಗದಗ-ಬೆಟಗೇರಿಯಲ್ಲಿ ನೆರೆಹೊರೆಯವರ ಇಂಥ ಅರ್ಜಿಗಳನ್ನು ತುಂಬಿಕೊಡುತ್ತ ಬಂದಿರುವ ನನಗೆ, ಈ ಮಿತಿಯ ಪೆಟ್ಟು ಬೀಳುತ್ತಿರುವುದು ಮುಖ್ಯವಾಗಿ ಸಣ್ಣ ಪಿಂಚಣಿ ಮತ್ತು ಸಣ್ಣ ಉಳಿತಾಯ ಇರುವ ಮನೆಗಳ ಮೇಲೆ ಎಂಬುದು ಸ್ಪಷ್ಟವಾಗಿ ಕಾಣುತ್ತಿದೆ. ಈ ವಿಷಯವನ್ನು ತಮ್ಮ ಪತ್ರಿಕೆಯ ಮೂಲಕ ಜಿಲ್ಲೆಯ ಶಾಸಕರ ಮತ್ತು ಕಂದಾಯ ಇಲಾಖೆಯ ಗಮನಕ್ಕೆ ತರಬಯಸುತ್ತೇನೆ.

ನಮ್ಮ ಓಣಿಯ ಒಂದು ಮನೆಯ ಲೆಕ್ಕವನ್ನೇ ನೋಡಬಹುದು. ಯಜಮಾನರು ನೂಲಿನ ಗಿರಣಿಯಲ್ಲಿ ದುಡಿದು ನಿವೃತ್ತರಾದವರು. ಭವಿಷ್ಯ ನಿಧಿಯ ಪಿಂಚಣಿ ತಿಂಗಳಿಗೆ 2,740 ರೂಪಾಯಿ ಬರುತ್ತದೆ. ಮಗಳಿಗೆ ಹುಟ್ಟಿನಿಂದಲೂ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹತೋಟಿಯಲ್ಲಿರದ ಸ್ಥಿತಿ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನಲ್ಲಿ ಶೇ 80ರಷ್ಟು ವೈಕಲ್ಯ ನಮೂದಾಗಿದೆ. ಶೇ 75ನ್ನು ದಾಟಿದ ಇಂಥ ವೈಕಲ್ಯಕ್ಕೆ ತಿಂಗಳಿಗೆ 2,000 ರೂಪಾಯಿ ಮಾಸಾಶನವಿದೆ, ಅಂದರೆ ವರ್ಷಕ್ಕೆ 24,000. ಆದರೆ ಅಪ್ಪನ ಪಿಂಚಣಿ ವರ್ಷಕ್ಕೆ 32,880 ಆಗುವುದರಿಂದ ಅರ್ಜಿ ತಿರಸ್ಕೃತವಾಯಿತು. ಮಿತಿ ದಾಟಿದ್ದು 880 ರೂಪಾಯಿ, ಕೈತಪ್ಪಿದ್ದು 24,000 ರೂಪಾಯಿ. ಮಿತಿ ಮೀರಿದಷ್ಟು ಹಣವನ್ನು ಮಾತ್ರ ಕಡಿತ ಮಾಡಿ ಉಳಿದದ್ದನ್ನು ಕೊಡುವ ಕ್ರಮ ನಮ್ಮಲ್ಲಿಲ್ಲ. ಕೊಟ್ಟರೆ ಪೂರ್ತಿ, ಇಲ್ಲವಾದರೆ ಏನೂ ಇಲ್ಲ. ಅದೇ ಯಜಮಾನರಿಗೆ 2014ರಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿಯಾದ 1,000 ರೂಪಾಯಿಯಷ್ಟೇ ಬರುತ್ತಿದ್ದರೆ ಮಗಳ ಮಾಸಾಶನಕ್ಕೆ ಅಡ್ಡಿಯಿರುತ್ತಿರಲಿಲ್ಲ, ಮತ್ತು ಎರಡನ್ನೂ ಕೂಡಿಸಿದರೆ ಮನೆಗೆ ಈಗಿನದಕ್ಕಿಂತ ಹೆಚ್ಚೇ ಬರುತ್ತಿತ್ತು.

ಆ ಮನೆಯ ಖರ್ಚು ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ. ಪ್ರಾಯಕ್ಕೆ ಬಂದ ಮಗಳಿಗೆ ದಿನವೂ ಡೈಪರ್ ಬೇಕು, ಫಿಟ್ಸ್‌ನ ಗುಳಿಗೆಗಳು ಬೇಕು. ಫಿಜಿಯೋಥೆರಪಿಗೆ ಹುಬ್ಬಳ್ಳಿಗೆ ಹೋಗಬೇಕೆಂದರೆ ಶಕ್ತಿ ಯೋಜನೆಯಲ್ಲಿ ತಾಯಿಗೂ ಮಗಳಿಗೂ ಬಸ್ಸು ಉಚಿತ, ನಿಜ. ಆದರೆ ಇಬ್ಬರು ಹಿಡಿದು ಎತ್ತಿದರೂ ಬಸ್ಸಿನ ಮೆಟ್ಟಿಲು ಹತ್ತಿಸಲಾಗದವಳಿಗೆ ಆ ಟಿಕೆಟ್ ಏನು ಮಾಡೀತು? ಬಾಡಿಗೆ ಗಾಡಿಯೇ ಆಗಬೇಕು. ತಾಯಿ ಮಗಳನ್ನು ಬಿಟ್ಟು ಕೂಲಿಗೆ ಹೋಗುವಂತಿಲ್ಲ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ವೈಕಲ್ಯವುಳ್ಳ ತೆರಿಗೆದಾರರಿಗೆ 75,000 ರೂಪಾಯಿ, ಶೇ 80ಕ್ಕಿಂತ ಕಡಿಮೆಯಿಲ್ಲದ ವೈಕಲ್ಯಕ್ಕೆ 1,25,000 ರೂಪಾಯಿ ವಿನಾಯಿತಿ ಇದೆ. ವೈಕಲ್ಯದೊಂದಿಗೆ ಬದುಕುವುದಕ್ಕೆ ಹೆಚ್ಚಿನ ಖರ್ಚು ತಗಲುತ್ತದೆ ಎಂಬುದನ್ನು ತೆರಿಗೆ ಕಟ್ಟುವಷ್ಟು ಉಳ್ಳವರ ವಿಷಯದಲ್ಲಿ ಸರ್ಕಾರ ಒಪ್ಪಿಕೊಂಡಿದೆ. ಬಡವರ ವಿಷಯದಲ್ಲಿ ಮಾತ್ರ ಅಪ್ಪನ ಪಿಂಚಣಿಯನ್ನು ಕೊನೆಯ ರೂಪಾಯಿಯವರೆಗೂ ಎಣಿಸುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ, ಕಚೇರಿಗೆ ಅಲೆದವರಿಗೆ ಮಾತ್ರ ತಿಳಿಯುವಂಥದ್ದು. ಕೂಲಿ ಮಾಡುವವರ, ಸಣ್ಣ ವ್ಯಾಪಾರ ಮಾಡುವವರ ಆದಾಯವನ್ನು ನಾಡಕಚೇರಿಯಿಂದ ಬರುವ ಪ್ರಮಾಣ ಪತ್ರದಲ್ಲಿ ಬಹುಪಾಲು ಅಂದಾಜಿನ ಮೇಲೆ ಬರೆಯಲಾಗುತ್ತದೆ, ಮತ್ತು ಆ ಅಂದಾಜು ಮಿತಿಯ ಒಳಗೇ ಬಂದು ನಿಲ್ಲುವುದು ಸಾಮಾನ್ಯ. ಇದನ್ನು ನಾನು ತಪ್ಪೆನ್ನಲಾರೆ. ಮಿತಿಯೇ ಅಷ್ಟು ಕೆಳಗಿರುವಾಗ ಅಧಿಕಾರಿಗಳಿಗೂ ಬೇರೆ ದಾರಿಯಿಲ್ಲ. 2024-25ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ ರಾಜ್ಯದಲ್ಲಿ 349 ರೂಪಾಯಿ ಇತ್ತು. ಕಾಯ್ದೆ ಭರವಸೆ ಕೊಟ್ಟ 100 ದಿನ ದುಡಿದವರಿಗೆ 34,900 ರೂಪಾಯಿ ಆಗುತ್ತದೆ, ಅಂದರೆ ಸರ್ಕಾರ ತಾನೇ ಕೊಟ್ಟ ಕೂಲಿಯಿಂದಲೇ ಅವರು ಮಿತಿ ದಾಟುತ್ತಾರೆ. ಆದರೆ ಪಿಂಚಣಿದಾರರಿಗೆ ಅಂದಾಜಿನ ಆಸರೆಯಿಲ್ಲ. ಅವರ ಆದಾಯ ಪ್ರತಿ ತಿಂಗಳೂ ಪಾಸ್‌ಬುಕ್ಕಿನಲ್ಲಿ ಅಚ್ಚಾಗುತ್ತದೆ. ಹೀಗಾಗಿ ದಾಖಲೆಯಲ್ಲಿ ಆದಾಯ ಇರುವವರೇ ಹೊರಗುಳಿಯುತ್ತಾರೆಯೇ ಹೊರತು ನಿಜಕ್ಕೂ ಉಳ್ಳವರಲ್ಲ.

ಉಳಿತಾಯದ ಕಥೆಯೂ ಇಂಥದ್ದೇ. ರಸ್ತೆ ಅಪಘಾತದಲ್ಲಿ ಕಾಲು ಕಳೆದುಕೊಂಡವರಿಗೆ ನ್ಯಾಯಮಂಡಳಿ ಕೊಡಿಸುವ ಪರಿಹಾರದ ಒಂದು ಭಾಗವನ್ನು ಅವರ ಹಿತಕ್ಕಾಗಿಯೇ ಬ್ಯಾಂಕಿನಲ್ಲಿ ಠೇವಣಿ ಇಡಿಸುವುದು ವಾಡಿಕೆ. ಐದು ಲಕ್ಷದ ಠೇವಣಿಗೆ ಶೇ 7ರ ದರದಲ್ಲಿ ವರ್ಷಕ್ಕೆ 35,000 ರೂಪಾಯಿ ಬಡ್ಡಿ ಬರುತ್ತದೆ. ಕಳೆದುಹೋದ ದುಡಿಮೆಯ ಬದಲಿಗೆ ಬಂದ ಆ ಹಣವನ್ನು ಆದಾಯವೆಂದು ಲೆಕ್ಕ ಹಿಡಿದರೆ ಮಾಸಾಶನದ ಅರ್ಹತೆ ಅಲ್ಲಿಗೇ ಮುಗಿಯಿತು. ವೃದ್ಧರಿಗೆ ಮಾಸಾಶನ ಕೊಡುವ ಸಂಧ್ಯಾ ಸುರಕ್ಷಾ ಯೋಜನೆಯಲ್ಲಂತೂ ಗಂಡ-ಹೆಂಡತಿಯ ಠೇವಣಿ 10,000 ರೂಪಾಯಿ ಮೀರಬಾರದೆಂಬ ಷರತ್ತನ್ನು 2007ರಲ್ಲಿಯೇ ಹಾಕಲಾಯಿತು. ತಾವು ಹೋದ ಮೇಲೆ ಮಗನನ್ನು ಯಾರು ನೋಡಿಕೊಳ್ಳುತ್ತಾರೆಂಬ ಚಿಂತೆಯಲ್ಲಿ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟವರು ಈಗ ಆ ಹಣವನ್ನು ಬ್ಯಾಂಕಿನಿಂದ ತೆಗೆದು ಬಂಗಾರ ಮಾಡಿಸಬೇಕೋ, ಬಡ್ಡಿಗೆ ಕೈಸಾಲ ಕೊಡಬೇಕೋ ಎಂದು ನನ್ನನ್ನೇ ಕೇಳುತ್ತಾರೆ. ಬ್ಯಾಂಕಿನಲ್ಲಿ ಆಯುಷ್ಯ ಕಳೆದವನು ಇದಕ್ಕೆ ಏನೆಂದು ಉತ್ತರ ಕೊಡಲಿ?

ಆದಾಯ ಮಿತಿಯೇ ಬೇಡವೆಂದು ನನ್ನ ವಾದವಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 24ನೇ ಕಲಮು ಕೂಡ ಮಾಸಾಶನಕ್ಕೆ ಆದಾಯ ಮಿತಿ ಹಾಕಲು ಸರ್ಕಾರಕ್ಕೆ ಅವಕಾಶ ಕೊಟ್ಟಿದೆ. ಆದರೆ ಅದೇ ಕಲಮು, ವಿಕಲಚೇತನರಿಗೆ ಕೊಡುವ ನೆರವು ಇತರರಿಗಿರುವ ಅಂಥದ್ದೇ ಯೋಜನೆಗಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು ಎಂದೂ ಹೇಳುತ್ತದೆ. 2021ರ ಹೆಚ್ಚಳದಲ್ಲಿ ಸಂಧ್ಯಾ ಸುರಕ್ಷಾ 1,200 ರೂಪಾಯಿಗೆ ಏರಿದಾಗ ಶೇ 40ರಿಂದ ಮೇಲಿನ, ಆದರೆ ಶೇ 75ನ್ನು ಮುಟ್ಟದ ವೈಕಲ್ಯವುಳ್ಳವರ ಮಾಸಾಶನ ನಿಂತದ್ದು 800 ರೂಪಾಯಿಗೆ. ಇನ್ನು ಮಿತಿಯ ಮಾತಿಗೆ ಬಂದರೆ, ಬಿಪಿಎಲ್ ಪಡಿತರ ಚೀಟಿಗೆ 1.20 ಲಕ್ಷ ರೂಪಾಯಿ ಆದಾಯದವರೆಗೂ ಅವಕಾಶವಿದೆ. ಪಡಿತರ ಅಂಗಡಿಯಲ್ಲಿ ಬಡವರಾದವರು ತಹಶೀಲ್ದಾರ ಕಚೇರಿಗೆ ಬರುವಷ್ಟರಲ್ಲಿ ಶ್ರೀಮಂತರಾಗುವುದು ಹೇಗೆ?

ಅನುಸರಿಸಬಹುದಾದ ಮಾದರಿ ಕೇಂದ್ರ ಸರ್ಕಾರದಲ್ಲಿಯೇ ಇದೆ. ತೀರಿಕೊಂಡ ಕೇಂದ್ರ ನೌಕರರ ವಿಕಲಚೇತನ ಮಕ್ಕಳಿಗೆ ಕುಟುಂಬ ಪಿಂಚಣಿ ಕೊಡುವಾಗ ಇದ್ದ 9,000 ರೂಪಾಯಿ ಮತ್ತು ತುಟ್ಟಿಭತ್ಯೆಯ ಮಾಸಿಕ ಮಿತಿಯನ್ನು 2021ರಲ್ಲಿ ಬದಲಿಸಿ, ಆ ಮಕ್ಕಳ ಇತರ ಆದಾಯವು ನೌಕರರ ಕೊನೆಯ ವೇತನದ ಶೇ 30 ಹಾಗೂ ಅದರ ಮೇಲಿನ ತುಟ್ಟಿಭತ್ಯೆಗಿಂತ ಕಡಿಮೆಯಿದ್ದರೆ ಸಾಕು ಎಂದು ಮಾಡಲಾಯಿತು. ಅಲ್ಲಿ ಮಿತಿ ಬೆಲೆ ಏರಿದಂತೆ ಏರುತ್ತದೆ. ಮೇಲಾಗಿ ಎಣಿಸುವುದು ಆ ವ್ಯಕ್ತಿಯ ಸ್ವಂತ ಆದಾಯವನ್ನು.

ಆದ್ದರಿಂದ ರಾಜ್ಯ ಸರ್ಕಾರವು ಆದಾಯ ಮಿತಿಯನ್ನು ಪಡಿತರ ಚೀಟಿಯ ಮಿತಿಗೆ ಸರಿಗಟ್ಟಬೇಕು. ವಯಸ್ಕ ವಿಕಲಚೇತನರ ಅರ್ಜಿಯಲ್ಲಿ ತಂದೆ-ತಾಯಿಯ ಪಿಂಚಣಿಯನ್ನು ಹಾಗೂ ಅಪಘಾತ ಪರಿಹಾರದ ಬಡ್ಡಿಯನ್ನು ಲೆಕ್ಕದಿಂದ ಹೊರಗಿಡಬೇಕು ಎಂದು ಕೋರುತ್ತೇನೆ. ನಿಯಮ ಬದಲಾಗುವುದಕ್ಕೆ ಕಾಲ ಹಿಡಿಯುವುದಾದರೆ, ತಾಲ್ಲೂಕು ಕಚೇರಿಗಳು ಅರ್ಜಿ ತಿರಸ್ಕರಿಸುವಾಗ ಯಾವ ಆದಾಯವನ್ನು ಎಷ್ಟೆಂದು ಎಣಿಸಲಾಯಿತು, ಮೇಲ್ಮನವಿ ಯಾರಿಗೆ ಸಲ್ಲಿಸಬೇಕು ಎಂಬುದನ್ನಾದರೂ ಹಿಂಬರಹದಲ್ಲಿ ಬರೆದುಕೊಡಲಿ. ನಮ್ಮ ಓಣಿಯ ಯಜಮಾನರ ಕೈಗೆ ಬಂದ ಹಿಂಬರಹದಲ್ಲಿ ‘ಆದಾಯ ಹೆಚ್ಚಳ’ ಎಂಬ ಎರಡು ಶಬ್ದಗಳ ಹೊರತು ಬೇರೇನೂ ಇರಲಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ಉದ್ಯೋಗಿ, ಬೆಟಗೇರಿ