ಒಗ್ಗರಣೆಗೆ ಮುಂಚೆ ಎತ್ತಿಡು

ಪ್ರೀತಿಯ ಪುಟ್ಟಿಗೆ, ದೊಡ್ಡಮ್ಮನ ಆಶೀರ್ವಾದಗಳು.

ನಿನ್ನಮ್ಮ ಫೋನಿನಲ್ಲಿ ಎಲ್ಲ ಹೇಳಿದಳು. ನಿನ್ನೊಬ್ಬಳಿಗೇ ಅಂತ ಸೋಮವಾರ ಮಾಡಿದ ಸಾರು ಬುಧವಾರದವರೆಗೂ ಇರುತ್ತದಂತೆ. ಬೇಜಾರಾಗಿ ಅದನ್ನು ಚೆಲ್ಲಿ ಪಾರ್ಸೆಲ್ ತರಿಸುತ್ತೀಯಂತೆ. ಬೈಯಲು ಬರೆಯುತ್ತಿಲ್ಲ ಮಗಳೇ. ಹೀಗೇ ಆದರೆ ಒಂದು ದಿನ ಒಲೆ ಹಚ್ಚುವುದನ್ನೇ ಬಿಟ್ಟುಬಿಡುತ್ತೀಯಲ್ಲ ಅನ್ನುವುದು ನನ್ನ ಚಿಂತೆ. ಮಡಿಕೇರಿ ಮಳೆಯಲ್ಲಿ ನೆನೆದು ರೂಮಿಗೆ ಬಂದವಳಿಗೆ ಒಂದು ಬಿಸಿ ಊಟ ಬೇಡವಾ?

ಇದರಲ್ಲಿ ನಿನ್ನ ತಪ್ಪೇನಿಲ್ಲ. ನೀನು ಅಡುಗೆ ಕಲಿತದ್ದು ನಮ್ಮ ತೋಟದ ಮನೆಯಲ್ಲಿ. ಅಲ್ಲಿ ಹೊತ್ತಿಗೆ ಇಷ್ಟೇ ಜನ ಅಂತ ಲೆಕ್ಕ ಇರಲಿಲ್ಲ. ಕೈ ಅದೇ ಅಳತೆಗೆ ಒಗ್ಗಿದೆ. ಅದಕ್ಕೇ ಸ್ವಲ್ಪ ದಿನ ಕೈಯನ್ನು ನಂಬಬೇಡ, ಅಳೆದು ಹಾಕು. ರೈಸ್ ಕುಕ್ಕರ್ ಜೊತೆ ಕೊಡುವ ಕಪ್ಪಿನಲ್ಲಿ ಸುಮಾರು 150 ಗ್ರಾಂ ಅಕ್ಕಿ ಹಿಡಿಯುತ್ತದೆ. ನಿನ್ನ ಒಂದು ಹೊತ್ತಿಗೆ ಅದರ ಅರ್ಧ ಸಾಕು. ಪಾತ್ರೆಯ ತಳದಲ್ಲಿ ನೋಡಿದರೆ ಇಷ್ಟೇನಾ ಅನಿಸುತ್ತದೆ. ಬೆಂದ ಮೇಲೆ ಮೂರು ಪಟ್ಟು ಆಗುತ್ತದೆ. ತೊಗರಿಬೇಳೆ ದೊಡ್ಡ ಚಮಚದಲ್ಲಿ ಎರಡು. ಇಷ್ಟು ಸ್ವಲ್ಪವನ್ನು ಕುಕ್ಕರಿಗೆ ನೇರವಾಗಿ ಹಾಕಿದರೆ ತಳ ಹಿಡಿಯುತ್ತದೆ. ಅಡಿಯಲ್ಲಿ ನೀರು ಹಾಕಿ, ಅಕ್ಕಿಗೊಂದು ಬೇಳೆಗೊಂದು ಸಣ್ಣ ಪಾತ್ರೆ ಇಡು. ಒಂದೇ ಸಲಕ್ಕೆ ಎರಡೂ ಬೇಯುತ್ತವೆ.

ಇನ್ನೊಂದು ವಿಷಯ. ನಾಲ್ಕು ಜನರ ಸಾರನ್ನು ಒಬ್ಬಳಿಗೆ ಇಳಿಸುವಾಗ ನೀರನ್ನು ಕಾಲು ಭಾಗ ಮಾಡಬೇಡ. ಸಾರು ಕಡಿಮೆಯಾದರೂ ಕುದಿಯುವಾಗ ಆರಿಹೋಗುವ ನೀರು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಸ್ವಲ್ಪ ಜಾಸ್ತಿ ಹಾಕಿ, ಉರಿ ಸಣ್ಣ ಮಾಡಿ ಮುಚ್ಚಿಡು. ಉಪ್ಪು ಕೊನೆಗೆ ಹಾಕು.

ಈಗ ನಾನು ಮುಖ್ಯವಾಗಿ ಹೇಳಬೇಕಾದದ್ದು. ಎಷ್ಟೇ ಅಳೆದರೂ ಕೆಲವು ದಿನ ನಾಳೆಗೂ ಆಗಲಿ ಅಂತ ಮಾಡಲೇಬೇಕಾಗುತ್ತದೆ. ದಿನಾ ಬೇಳೆ ಬೇಯಿಸಲು ಯಾರಿಗೆ ಪುರುಸೊತ್ತು? ಆದರೆ ಉಳಿಸುವುದಾದರೆ ಒಗ್ಗರಣೆಗೆ ಮುಂಚೆ ಉಳಿಸು. ಮಸಾಲೆ, ಹುಳಿ, ಉಪ್ಪು ಏನೂ ಬೀಳುವ ಮುಂಚೆಯೇ ಬೆಂದ ಬೇಳೆಯ ಅರ್ಧವನ್ನು ಡಬ್ಬಿಗೆ ಎತ್ತಿ, ಆರಿಸಿ, ಫ್ರಿಜ್ಜಿನಲ್ಲಿಡು. ಸಾರು ಆದ ಮೇಲೆ ಉಳಿದದ್ದು ನಾಳೆಯೂ ಸಾರೇ. ಬರೀ ಬೇಳೆ ಇದ್ದರೆ ನಾಳೆ ಸೊಪ್ಪು ಹಾಕಿ ಹುಳಿ ಮಾಡಬಹುದು, ಹಸಿಮೆಣಸು ಸೀಳಿ ತೊವ್ವೆ ಮಾಡಬಹುದು. ಕಾಳಿಗೂ ಇದೇ ಮಾತು. ನಿನಗೆ ಬೇಜಾರು ಬರುತ್ತಿರುವುದು ಹಳೆಯ ರುಚಿಯ ಮೇಲೆ, ಬೇಳೆಯ ಮೇಲಲ್ಲ.

ಬೇಕೆಂದೇ ಜಾಸ್ತಿ ಮಾಡುವುದಾದರೆ ಅನ್ನ ಮಾಡು. ನಮ್ಮ ಕೊಡಗಿನ ಅಕ್ಕಿ ರೊಟ್ಟಿಗೆ ಅನ್ನವೇ ಬೇಕಲ್ಲ. ಫ್ರಿಜ್ಜಿನ ಅನ್ನ ಗಟ್ಟಿಯಾಗಿರುತ್ತದೆ, ಹಾಗೇ ನಾದಲು ಹೋದರೆ ಕಾಳು ಕಾಳಾಗಿಯೇ ಉಳಿಯುತ್ತದೆ. ಒಂದಿಷ್ಟು ನೀರು ಚಿಮುಕಿಸಿ ಹಬೆಯಲ್ಲಿ ಚೆನ್ನಾಗಿ ಬಿಸಿ ಮಾಡು. ಕೈ ಸುಡದಷ್ಟು ಬಿಸಿ ಇರುವಾಗಲೇ ಅಂಗೈ ಬುಡದಲ್ಲಿ ಒತ್ತಿ ಒತ್ತಿ ನುಣ್ಣಗೆ ಮಾಡು. ಆಮೇಲೆ ಉಪ್ಪು, ಅಕ್ಕಿಹಿಟ್ಟು. ಹಿಟ್ಟನ್ನು ಒಂದೇ ಸಲ ಸುರಿಯಬೇಡ, ಉದುರಿಸುತ್ತಾ ನಾದು. ಕೈಗೆ ಅಂಟುವುದು ನಿಂತಾಗ ಸಾಕು. ಬಾಳೆಲೆ ಸಿಕ್ಕರೆ ಅದರ ಮೇಲೆ ತಟ್ಟು, ಇಲ್ಲದಿದ್ದರೆ ಲಟ್ಟಿಸು. ಎಣ್ಣೆ ಹಾಕದೆ ಕಾವಲಿಯಲ್ಲಿ ಎರಡೂ ಕಡೆ ಬೇಯಿಸಿ, ಕೊನೆಗೆ ಉರಿಯ ಮೇಲೆ ಹಿಡಿದರೆ ಉಬ್ಬುತ್ತದೆ. ಒಂದು ಹಿಡಿ ಅನ್ನಕ್ಕೆ ಎರಡು ರೊಟ್ಟಿ. ಜೊತೆಗೆ ಎಳ್ಳಿನ ಚಟ್ನಿ, ನಮ್ಮ ಎಳ್ಳು ಪಜ್ಜಿ ಇದ್ದರೆ ಬೆಳಿಗ್ಗೆಯ ಚಿಂತೆ ಮುಗಿಯಿತು.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡ. ಅನ್ನವನ್ನು ರಾತ್ರಿಯಿಡೀ ಹೊರಗೆ ಬಿಡಬೇಡ. ಚಳಿ ಇದೆಯಲ್ಲ, ಏನಾಗುತ್ತದೆ ಅಂದುಕೊಳ್ಳಬೇಡ. ಅದರಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಗಂಟೆಯೊಳಗೆ ಒಳಗಿಡು. ಮಾರನೇ ದಿನವೇ ಮುಗಿಸು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಗೊತ್ತಿರುವುದಿಲ್ಲ. ಅಂಥ ವಾರ ಫ್ರಿಜ್ಜನ್ನು ನೆಚ್ಚದೆ ಅವತ್ತಿನದು ಅವತ್ತೇ ಮಾಡಿಕೋ.

ಹಬೆಯಲ್ಲಿ ಬೇಯಿಸುವ ಅಕ್ಕಿ ತರಿಯ ಉಂಡೆ, ನಮ್ಮ ಕಡಂಬುಟ್ಟು ಆಸೆಯಾದರೆ ತರಿಯನ್ನು ಅರ್ಧ ಕಪ್ ಮಾತ್ರ ಬೇಯಿಸು. ಉಂಡೆ ಉಳಿದರೆ ಹೋಳು ಮಾಡಿ ತುಪ್ಪದಲ್ಲಿ ಹುರಿದುಕೋ, ಅದೂ ರುಚಿ. ತರಿ, ಹಿಟ್ಟು ಎರಡನ್ನೂ ಈ ತಿಂಗಳಲ್ಲಿ ಅರ್ಧ ಕೆಜಿಗಿಂತ ಜಾಸ್ತಿ ತರಬೇಡ, ತೇವಕ್ಕೆ ಮುಗ್ಗಲು ಹಿಡಿಯುತ್ತದೆ. ಶುಕ್ರವಾರದ ಸಂತೆಯಲ್ಲಿ ಕಾಲು ಕೆಜಿ ಕೇಳಲು ನಾಚಬೇಡ. ಕುಂಬಳಕಾಯಿ ಹೋಳು ಮಾಡಿ ಮಾರುತ್ತಾರೆ. ಎಳೆ ಬಿದಿರಿನ ಕಣಿಲೆ ಮಾತ್ರ ನೀನು ತರಬೇಡ. ಹೆಚ್ಚಿ, ನೀರು ಬದಲಿಸುತ್ತಾ ದಿನಗಟ್ಟಲೆ ನೆನೆಸಬೇಕು, ಅದು ಒಬ್ಬರ ಅಡುಗೆಯಲ್ಲ. ನಾನು ಇಲ್ಲಿ ಉಪ್ಪುನೀರಿನಲ್ಲಿ ಹಾಕಿಟ್ಟಿದ್ದೇನೆ, ಬೇಕಾದಷ್ಟು ತೆಗೆದುಕೊಂಡು ಹೋಗು.

ಹಂದಿ ಮಾಂಸದ ಪಂದಿ ಕರಿಗೆ ಈ ಯಾವ ಲೆಕ್ಕವೂ ಬೇಡ. ಅರ್ಧ ಕೆಜಿಯೇ ಮಾಡು. ನಮ್ಮ ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಹಿಡಿದ ಮಾಂಸ ಮಾರನೇ ದಿನವೇ ಹೆಚ್ಚು ರುಚಿ, ಅದನ್ನು ಹಳೆಯದು ಅಂತ ಯಾರೂ ಅನ್ನುವುದಿಲ್ಲ. ತಿನ್ನುವಷ್ಟನ್ನೇ ತೆಗೆದು ಕುದಿಸಿಕೋ, ಇಡೀ ಪಾತ್ರೆಯನ್ನು ಮತ್ತೆ ಮತ್ತೆ ಬಿಸಿ ಮಾಡಬೇಡ.

ಅಟ್ಟದಲ್ಲಿ ಎರಡು ಲೀಟರಿನ ಸಣ್ಣ ಕುಕ್ಕರ್ ಸುಮ್ನೆ ಕೂತಿದೆ. ಗ್ಯಾಸ್ಕೆಟ್ ಹೊಸದು ಹಾಕಿಸುತ್ತೇನೆ. ನಿನ್ನ ದೊಡ್ಡಪ್ಪ ಮುಂದಿನ ವಾರ ಮಡಿಕೇರಿಗೆ ಬರುವಾಗ ಅದರ ಜೊತೆ ಒಂದು ಸಣ್ಣ ಬಾಟಲಿ ಕಾಚಂಪುಳಿಯನ್ನೂ ತರುತ್ತಾರೆ. ಸಂಜೆ ಎಷ್ಟು ಗಂಟೆಗೆ ರೂಮಿನಲ್ಲಿರುತ್ತೀಯ ಅಂತ ಅವರಿಗೆ ಫೋನ್ ಮಾಡಿ ತಿಳಿಸು.

ಇಂತಿ,
ನಿನ್ನ ದೊಡ್ಡಮ್ಮ