ಭಾನುವಾರ ಮಹಾಸಭೆ, ಪಾಸ್‌ಬುಕ್ ತನ್ನಿ
ಎಲ್ಲರಿಗೂ ನಮಸ್ಕಾರ. ನಮ್ಮ ಪತ್ತಿನ ಸಹಕಾರ ಸಂಘದ ವಾರ್ಷಿಕ ಮಹಾಸಭೆ ಈ ಭಾನುವಾರ ಬೆಳಿಗ್ಗೆ 10 ಗಂಟೆಗೆ, ಕಚೇರಿ ಮಹಡಿಯಲ್ಲಿ. ಸುಮ್ನೆ ಸಹಿ ಹಾಕಿ ಊಟ ಮಾಡಿ ಹೋಗಬೇಡಿ (ಊಟ ಇದೆ, ಚಿಂತೆ ಬೇಡ), ವರದಿ ಪುಸ್ತಕ ತೆರೆದು ಲಾಭ ಎಷ್ಟು, ಸುಸ್ತಿ ಸಾಲ (ಗಡುವು ಮುಗಿದರೂ ವಾಪಸ್ ಬರದ ಸಾಲ) ಎಷ್ಟು, ಡಿವಿಡೆಂಡ್ (ಷೇರಿಗೆ ಸಿಗುವ ಲಾಭದ ಪಾಲು) ಯಾಕೆ ಇಷ್ಟೇ ಅಂತ ಕೇಳಿ. ಬ್ಯಾಂಕ್ ಠೇವಣಿಗೆ ಸಿಗುವ 5 ಲಕ್ಷದವರೆಗಿನ ವಿಮೆ ನಮ್ಮಂಥ ಸಂಘಗಳಿಗೆ ಇಲ್ಲ, ಹಾಗಾಗಿ ಲೆಕ್ಕದ ಮೇಲೆ ಕಣ್ಣಿಡಬೇಕಾದವರು ನಾವೇ ಅಲ್ವಾ? ಒಂದು ಷೇರು ಇದ್ದರೂ ನೂರು ಇದ್ದರೂ ಒಂದೇ ವೋಟು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ್ದೂ ಇಂಥದ್ದೇ ಸಂಘ. ಪಾಸ್‌ಬುಕ್ ತಂದರೆ ಬಡ್ಡಿ ಎಂಟ್ರಿ ಹಾಕಿಸಿಕೊಳ್ಳಬಹುದು. ನಾಮಿನಿ ಹೆಸರು ಕೊಡದವರು ಇನ್ನೂ ಜಾಸ್ತಿ ಜನ ಇದ್ದೀರಿ, ಅವತ್ತೇ ಕೊಟ್ಟುಬಿಡಿ.